ಎರಡನೆಯ ಸಾಲಿನ ಗುರುತು

ಕೆಂಗೊಂಡದ ಮೆಣಸಿನಕಾಯಿ ಪೇಟೆಯಲ್ಲಿ ಹತ್ತು ವರ್ಷ ತೊಟ್ಟು ಬಿಡಿಸಿದ ಹೆಂಗಸರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಊರಲ್ಲಿ ಯಾರೂ ಅದನ್ನು ರೋಗವೆಂದು ಎಣಿಸಿರಲಿಲ್ಲ. ಖಾರದ ದೂಳು ಮೊದಲು ಸೀನು ತರಿಸುತ್ತಿತ್ತು, ಆಮೇಲೆ ಕೆಮ್ಮು. ಕೊನೆಗೊಂದು ದಿನ ಮಲ್ಲಿಗೆ ಮುಡಿದುಕೊಂಡಾಗ, ಇದಕ್ಕೆ ವಾಸನೆಯೇ ಇಲ್ಲವಲ್ಲ ಎಂದು ಹೂವಾಡಗಿತ್ತಿಯ ಜೊತೆ ಜಗಳ ತೆಗೆಯುತ್ತಿದ್ದರು. ಜಗಳ ಮುಗಿದ ಮೇಲೆ ಅರ್ಥವಾಗುತ್ತಿತ್ತು.

ಪೇಟೆಯ ಹಿಂದಿನ ಶೀತಲಗೃಹದಲ್ಲಿ ಅಮೋನಿಯಾ ಕೊಳವೆ ಸೋರಿದ ದಿನ ಇಬ್ಬರು ಹೆಂಗಸರು ಕೂತ ಜಾಗದಿಂದ ಏಳಲೇ ಇಲ್ಲ. ಕಣ್ಣು ಉರಿಯುತ್ತಿತ್ತು, ನಿಜ. ಆದರೆ ಅವರ ಕಣ್ಣು ದಿನವೂ ಉರಿಯುತ್ತಿತ್ತು.

ಅವರು ಸತ್ತ ಮೂರು ವರ್ಷಕ್ಕೆ ಹುಬ್ಬಳ್ಳಿಯ ಒಂದು ಸಂಶೋಧನಾಲಯದಲ್ಲಿ ಡಾಕ್ಟರ್ ಇಂದುಮತಿ ಕರ್ಜಗಿ ಮೂಗುಬೊಟ್ಟು ತಯಾರಿಸಿದಳು. ನೋಡಲು ಅದು ಸಾದಾ ಬಿಳಿ ಹರಳಿನ ಮೂಗುಬೊಟ್ಟು. ಹರಳಿನ ಹಿಂದೆ ಕೂದಲಿಗಿಂತ ತೆಳುವಾದ ಒಂಬತ್ತು ಪೊರೆಗಳಿದ್ದವು. ಒಂದೊಂದು ಪೊರೆ ಒಂದೊಂದು ಬಗೆಯ ಅಣುವನ್ನು ಹಿಡಿದು, ಮೂಗಿನೊಳಗಿನ ನರಕ್ಕೆ ಸಣ್ಣ ಮಿಡಿತ ಕಳಿಸುತ್ತಿತ್ತು. ಎಂಟು ಪೊರೆಗಳು ದಿನಬಳಕೆಯ ವಾಸನೆಗಳಿಗೆ. ಒಂಬತ್ತನೆಯದು ಇಂದುಮತಿಯ ಸ್ವಂತ ಕೆಲಸ. ಅದು ಅಪಾಯದ ಅನಿಲಕ್ಕೆ. ಆ ಪೊರೆಯ ತುಂಬ ಆಮ್ಲದ ಪುಟ್ಟ ಪುಟ್ಟ ಕೊಕ್ಕೆಗಳಿದ್ದವು. ಅಮೋನಿಯಾದ ಅಣು ಹತ್ತಿರ ಬಂದರೆ ಸಾಕು, ಕೊಕ್ಕೆ ಗಪ್ಪನೆ ಹಿಡಿಯುತ್ತಿತ್ತು. ತೊಟ್ಟವರ ಹಣೆಯೊಳಗೆ ಸೂಜಿ ಚುಚ್ಚಿದಂಥ ಘಾಟು ಏಳುತ್ತಿತ್ತು.

ಮೊದಲ ದಿನ ಮೊದಲು ಮೂಗು ಕೊಟ್ಟವಳು ಫಕೀರವ್ವ. ಐವತ್ತೆರಡು ವರ್ಷದ ಗಟ್ಟಿ ಹೆಂಗಸು, ಗೋದಾಮಿನ ಹೆಣ್ಣಾಳುಗಳ ಮುಖ್ಯಸ್ಥೆ. ಬೊಟ್ಟು ಹಾಕಿಸಿಕೊಂಡು ಎದ್ದು ನಿಂತವಳು ಸುತ್ತಲೂ ನೋಡಿದಳು. ಏನನ್ನೋ ಕಳೆದುಕೊಂಡವಳಂತೆ ಬಾಗಿಲ ತನಕ ಹೋಗಿ ವಾಪಸು ಬಂದಳು.

"ಯಾರ್ ಕಾಫಿ ಕಾಸಾಕತ್ತಾರ ಇಲ್ಲಿ?" ಎಂದು ಕೇಳಿದಳು.

ಎರಡು ಕೋಣೆ ಆಚೆ ಕಾವಲುಗಾರ ಕಾಫಿ ಕಾಸುತ್ತಿದ್ದ. ಫಕೀರವ್ವ ನೆಲದ ಮೇಲೆ ಕೂತು ಸೆರಗು ಬಾಯಿಗೆ ಹಿಡಿದು ಅತ್ತಳು. "ಹನ್ನೊಂದ್ ವರ್ಷ ಆತ್ರೀ ಅಕ್ಕಾರ," ಎಂದಳು. ಶಾಲೆಯ ಟೀಚರಿಗೆ ಹೇಳುವಂತೆ ಅವಳು ಇಂದುಮತಿಗೆ ಅಕ್ಕಾರ ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಇಂದುಮತಿಗೆ ತನ್ನ ಓದು ಸಾರ್ಥಕವಾಯಿತು ಅನಿಸಿತ್ತು.

*

ಮೂಗುಬೊಟ್ಟನ್ನು ಪೇಟೆಯ ಎಲ್ಲ ಕಟ್ಟಡಗಳಲ್ಲೂ ಬಳಸಬೇಕಾದರೆ ಸುರಕ್ಷತಾ ಮಂಡಳಿಯ ಪ್ರಮಾಣಪತ್ರ ಬೇಕಿತ್ತು. ಪ್ರಮಾಣಪತ್ರದ ಅರ್ಜಿಯಲ್ಲಿ ಎರಡು ಸಾಲುಗಳಿದ್ದವು. ಒಂದನೆಯದು ಅಮೋನಿಯಾ, ಶೀತಲಗೃಹಗಳಿಗೆ. ಎರಡನೆಯದು ಫಾಸ್ಫೀನ್, ಗೋದಾಮುಗಳಿಗೆ. ಗೋದಾಮಿನಲ್ಲಿ ಹುಳು ಕೊಲ್ಲಲು ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ ಥಪ್ಪಿಗೆ ತಾಡಪತ್ರಿ ಹೊದಿಸಿ, ಒಳಗೆ ಗುಳಿಗೆ ಇಡುತ್ತಾರೆ. ಗಾಳಿಯ ತೇವ ತಾಗಿ ಗುಳಿಗೆಯಿಂದ ಫಾಸ್ಫೀನ್ ಏಳುತ್ತದೆ. ಹುಳು ಸಾಯುತ್ತವೆ, ಒಳಗೆ ಸಿಕ್ಕರೆ ಮನುಷ್ಯರೂ ಸಾಯುತ್ತಾರೆ. ಅದಕ್ಕೆ ಮದ್ದಿಲ್ಲ.

ಒಂದನೆಯ ಸಾಲಿಗೆ ಇಂದುಮತಿಯ ಹತ್ತಿರ ಇನ್ನೂರು ಪ್ರಯೋಗಗಳ ದಾಖಲೆ ಇತ್ತು. ಎರಡನೆಯದಕ್ಕೆ ಒಂದೂ ಇರಲಿಲ್ಲ. ಫಾಸ್ಫೀನ್ ಪರೀಕ್ಷೆಯ ಪೆಟ್ಟಿಗೆಯ ಬಾಗಿಲು ಸೋರುತ್ತಿತ್ತು, ರಿಪೇರಿಗೆ ಮೂರು ತಿಂಗಳು ಬೇಕಿತ್ತು. ಬಿಡುಗಡೆಯ ಸಮಾರಂಭ ಮುಂದಿನ ವಾರ. ಸಂಶೋಧನಾಲಯದ ನಿರ್ದೇಶಕ ಗಲಗಲಿಯವರು ಅರ್ಜಿಯನ್ನು ಅವಳ ಮುಂದೆ ಸರಿಸಿದರು.

"ಎರಡೂ ಒಂದ ಮನೆತನ ಅಲ್ಲೇನ್ರೀ? ನೈಟ್ರೋಜನ್ ಕೆಳಗ ಫಾಸ್ಫರಸ್. ಅಮೋನಿಯಾಕ್ಕೂ ಮೂರು ಹೈಡ್ರೋಜನ್, ಫಾಸ್ಫೀನಕ್ಕೂ ಮೂರು. ಗೋದಾಮಿಗೆ ಹೋಗಿ ಒಂದು ಫೀಲ್ಡ್ ಟೆಸ್ಟ್ ಮಾಡ್ಕೊಂಡು ಬರ್ರಿ, ಸಾಕು."

ಅವಳು ಹೋದಳು. ಕೆಂಗೊಂಡದ ಗೋದಾಮಿನಲ್ಲಿ ಗುಳಿಗೆ ಇಡುವವರು ಮಕ್ತುಂಸಾಬರು, ಅರವತ್ತು ದಾಟಿದ ತೆಳ್ಳನೆಯ ಮನುಷ್ಯ. ಅವರ ಅಂಗಿಯ ಕಿಸೆಯಲ್ಲಿ ಬೆಳ್ಳಿಯ ಲವಣ ಸವರಿದ ಕಾಗದದ ಪಟ್ಟಿಗಳಿರುತ್ತಿದ್ದವು. ತಾಡಪತ್ರಿ ತೆಗೆದ ಮೇಲೆ ಗಳದ ತುದಿಗೆ ಪಟ್ಟಿ ಸಿಕ್ಕಿಸಿ ಒಂದೊಂದು ಮೂಲೆಗೂ ಚಾಚಿ ನೋಡುವುದು ಅವರ ರೂಢಿ. ಫಾಸ್ಫೀನ್ ಉಳಿದಿದ್ದರೆ ಕಾಗದ ಕಪ್ಪಾಗುತ್ತಿತ್ತು. ಒಂದು ಕಾಗದ ಬೆಳ್ಳಗಿದ್ದರೆ ಅವರಿಗೆ ಸಾಲುತ್ತಿರಲಿಲ್ಲ; ಮೂರು ಕಾಗದ ಬೆಳ್ಳಗೇ ಉಳಿದ ಮೇಲೆ ಮಾತ್ರ ಜನರನ್ನು ಒಳಗೆ ಬಿಡುತ್ತಿದ್ದರು.

ಅಂದು ಅವರು ತಾಡಪತ್ರಿಯ ಕೆಳಗೆ ಗುಳಿಗೆ ಇಟ್ಟರು. ಅಂಚಿನಲ್ಲಿ ಇಟ್ಟಿದ್ದ ಮೂಗುಬೊಟ್ಟಿನ ತಂತಿ ಇಂದುಮತಿಯ ಯಂತ್ರಕ್ಕೆ ಸೇರಿತ್ತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಗೆರೆ ಚಂಗನೆ ಮೇಲೆದ್ದಿತು.

"ಬಂತು ನೋಡ್ರಿ ಕಾಕಾ!" ಎಂದಳು ಇಂದುಮತಿ.

ಮಕ್ತುಂಸಾಬರು ಗೆರೆಯನ್ನು ನೋಡಿದರು. "ಬಾಯಾರ, ಒಂದ್ ಮಾತು. ಈ ಗುಳಿಗ್ಯಾಗ ಮೊದಲ ಬರೋದು ಅಮೋನಿಯಾ ರೀ. ಮಂದಿಗೆ ಘಾಟು ಬಡದು ದೂರ ಸರೀಲಿ ಅಂತ ಗುಳಿಗಿ ಮಾಡಾವ್ರ ಬೆರಸಿರ್ತಾರ. ಡಬ್ಬಿ ಮ್ಯಾಲ ಬರದೈತ್ರೀ. ಅದು ಹೋದ ಮ್ಯಾಲ ಬರೋದು ಖರೇ ವಿಷ."

"ಹೌದು ಕಾಕಾ, ಗೊತ್ತು," ಎಂದಳು ಅವಳು.

ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಡಬ್ಬಿಯ ಮೇಲಿನ ಬರಹ ಓದಿದ್ದಳು. ಮೇಲೆದ್ದ ಗೆರೆ ಫಾಸ್ಫೀನಿನದೋ, ಗುಳಿಗೆಯಲ್ಲಿ ಬೆರೆಸಿದ ಅಮೋನಿಯಾದ್ದೋ ಎಂದು ಹೇಳಲು ಆ ಪ್ರಯೋಗದಿಂದ ಆಗದು ಎಂಬುದೂ ಗೊತ್ತಿತ್ತು. ಕಾರಿನಲ್ಲಿ ಕೂತು ಅರ್ಜಿ ತೆರೆದಳು. ಪೆಟ್ಟಿಗೆ ರಿಪೇರಿಯಾದ ಮೇಲೆ ಸರಿಯಾಗಿ ನೋಡಿದರಾಯಿತು ಎಂದುಕೊಂಡು ಎರಡನೆಯ ಸಾಲಿಗೆ ಗುರುತು ಹಾಕಿ ಸಹಿ ಮಾಡಿದಳು.

ಪೆಟ್ಟಿಗೆ ಮೂರು ತಿಂಗಳಿಗೇ ರಿಪೇರಿಯಾಯಿತು. ಆ ಹೊತ್ತಿಗೆ ಇಂದುಮತಿಗೆ ಪ್ರಶಸ್ತಿ ಬಂದಿತ್ತು, ಬೇರೆ ಊರುಗಳಿಂದ ಬೇಡಿಕೆ ಬಂದಿತ್ತು, ಭಾಷಣದ ಕರೆಗಳು ಬಂದಿದ್ದವು. ಹದಿನಾಲ್ಕು ತಿಂಗಳು ಹೀಗೆ ಹೋದವು. ನಡುವೆ ಎಷ್ಟೋ ಸಲ ಅವಳು ಆ ಪೆಟ್ಟಿಗೆಯ ಮುಂದಿನಿಂದಲೇ ಹಾದುಹೋಗಿದ್ದಳು.

*

ಅದು ಮಾರ್ಚ್ ತಿಂಗಳ ಒಂದು ಮಂಗಳವಾರ. ಗೋದಾಮಿನ ಎರಡನೆಯ ಕೋಣೆಯಲ್ಲಿ ಗುಳಿಗೆ ಇಟ್ಟು ಆರು ದಿನವಾಗಿತ್ತು. ಬೆಳಿಗ್ಗೆ ಬಾಗಿಲು ತೆರೆದು ಎರಡು ಗಂಟೆ ಗಾಳಿ ಆಡಿಸಿದ್ದರು. ಮೂಗುಬೊಟ್ಟು ಬಂದ ಮೇಲೆ ಬೆಳ್ಳಿ ಕಾಗದ ತರಿಸುವುದನ್ನು ಗೋದಾಮಿನವರು ನಿಲ್ಲಿಸಿದ್ದರು. ಮಕ್ತುಂಸಾಬರು ಎರಡು ಸಲ ಕೇಳಿ ಸುಮ್ಮನಾಗಿದ್ದರು.

ಫಕೀರವ್ವ ಬಾಗಿಲಲ್ಲಿ ನಿಂತು ಉಸಿರೆಳೆದುಕೊಂಡಳು. ಘಾಟಿಲ್ಲ. "ಏನಿಲ್ಲ ಬರ್ರೇ," ಎಂದು ಹಿಂದಿನವರಿಗೆ ಹೇಳಿ ತಾನೇ ಮೊದಲು ಒಳಗೆ ಹೋದಳು. ತಾಡಪತ್ರಿ ಮಡಿಚಲು ಹಿಂದಿನ ಥಪ್ಪಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಗ್ಗಿದಳು. ಗಾಳಿ ಆಡದ ಆ ಸಂದಿಯಲ್ಲಿ ಫಾಸ್ಫೀನ್ ಹಾಗೇ ನಿಂತಿತ್ತು. ಉಳಿದ ಹೆಂಗಸರು ಕೇಳಿದ್ದು ಅವಳು ಬಿದ್ದ ಸದ್ದು ಮಾತ್ರ.

ಮಕ್ತುಂಸಾಬರು ಉಸಿರು ಕಟ್ಟಿ ಓಡಿ, ಅವಳ ಎರಡೂ ಕಾಲು ಹಿಡಿದು ಬಾಗಿಲಿನಾಚೆ ಎಳೆದು ಹಾಕಿದರು. ಆಂಬುಲೆನ್ಸಿನವರು ಆಮ್ಲಜನಕದ ಮುಖವಾಡ ತಂದಾಗ ಅಡ್ಡ ಬರುತ್ತದೆಂದು ಮಕ್ತುಂಸಾಬರೇ ಅವಳ ಮೂಗುಬೊಟ್ಟನ್ನು ಬಿಚ್ಚಿ ತಮ್ಮ ಕಿಸೆಗೆ ಹಾಕಿಕೊಂಡರು.

ಫಕೀರವ್ವ ಬದುಕಿದಳು. ಆದರೆ ಹೃದಯದ ಸ್ನಾಯು ಸೋತುಹೋಗಿತ್ತು. ಇನ್ನು ಮೇಲೆ ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕು ಎಂದು ವೈದ್ಯರು ಹೇಳಿದರು.

ಮೂರನೆಯ ದಿನ ಗಲಗಲಿಯವರು ಇಂದುಮತಿಯನ್ನು ಕರೆದು ಒಂದು ವರದಿ ತೋರಿಸಿದರು. ಆಸ್ಪತ್ರೆಗೆ ತಂದಾಗ ಕಾರ್ಮಿಕಳ ಮೂಗಿನಲ್ಲಿ ಸಾಧನ ಇರಲಿಲ್ಲ, ಆದ್ದರಿಂದ ಧರಿಸದೆ ಒಳಹೋಗಿರುವ ಸಾಧ್ಯತೆ ಇದೆ ಎಂದು ಅದರಲ್ಲಿ ಬರೆದಿತ್ತು.

"ಸಾಧ್ಯತೆ ಅಂತಷ್ಟ ಬರದದ," ಎಂದರು ಗಲಗಲಿ. "ಸುಳ್ಳೇನಲ್ಲ. ಸಹಿ ಮಾಡ್ರಿ."

"ನಾಳೆ ಮಾಡ್ತೀನಿ ಸರ್," ಎಂದಳು ಇಂದುಮತಿ.

ಅಂದು ಮಧ್ಯಾಹ್ನ ಅವಳು ಫಾಸ್ಫೀನ್ ಪೆಟ್ಟಿಗೆಯ ಮುಂದೆ ಕೂತಳು. ಹೊಸ ಮೂಗುಬೊಟ್ಟೊಂದನ್ನು ಒಳಗಿಟ್ಟು, ಶುದ್ಧ ಫಾಸ್ಫೀನನ್ನು ಬಿಟ್ಟಳು: ಗಾಳಿಯ ಹತ್ತು ಲಕ್ಷ ಪಾಲಿಗೆ ಒಂದು ಪಾಲು. ಗೆರೆ ಅಲ್ಲಾಡಲಿಲ್ಲ. ಹತ್ತು ಪಾಲು ಬಿಟ್ಟಳು. ನೂರು ಬಿಟ್ಟಳು. ಆ ನೂರರಲ್ಲಿ ಮನುಷ್ಯ ಒಂದು ಗಂಟೆಗಿಂತ ಹೆಚ್ಚು ಇದ್ದರೆ ಜೀವಕ್ಕೆ ಅಪಾಯ. ಗೆರೆ ಮಲಗಿಯೇ ಇತ್ತು. ಯಂತ್ರ ಕೆಟ್ಟಿರಬಹುದೆಂಬ ಕೊನೆಯ ಆಸೆಯಿಂದ ಒಂದಿಷ್ಟೇ ಅಮೋನಿಯಾ ಬಿಟ್ಟಳು. ಗೆರೆ ಎದ್ದು ಪರದೆಯ ಮೇಲಂಚಿಗೆ ಬಡಿಯಿತು.

ಅಲ್ಲಿಗೆ ಎಲ್ಲ ತಿಳಿಯಿತು. ಅನಿಲದ ನಲ್ಲಿಯನ್ನು ಮುಚ್ಚಿದಳು, ಮುಚ್ಚಿದೆಯೇ ಎಂದು ಇನ್ನೊಮ್ಮೆ ತಿರುಗಿಸಿ ನೋಡಿದಳು.

*

ಮರುದಿನ ಬೆಳಿಗ್ಗೆ ಅವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಸಂಪದಾ ಪಿಯುಸಿ ಎರಡನೆಯ ವರ್ಷ. ಹನ್ನೊಂದಕ್ಕೆ ಅವಳಿಗೆ ರಸಾಯನಶಾಸ್ತ್ರದ ಪರೀಕ್ಷೆ. ಪುಸ್ತಕವನ್ನು ತಾಯಿಯ ಕಡೆ ತಿರುಗಿಸಿಟ್ಟು, "ಅವ್ವಾ, ನೋಡ್ಕೋ, ತಪ್ಪಿದ್ರ ಹೇಳು," ಎಂದು ಕಣ್ಣುಮುಚ್ಚಿ ಶುರು ಮಾಡಿದಳು.

"ಹದಿನೈದನೇ ಗುಂಪು. ನೈಟ್ರೋಜನ್, ಫಾಸ್ಫರಸ್, ಆರ್ಸೆನಿಕ್, ಆಂಟಿಮನಿ, ಬಿಸ್ಮತ್. ಮೇಲಿನಿಂದ ಕೆಳಕ್ಕೆ ಹೋದಂಗ ಪರಮಾಣುವಿನ ಗಾತ್ರ ಹೆಚ್ಚಾಗ್ತದ, ಲೋಹದ ಗುಣ ಹೆಚ್ಚಾಗ್ತದ. ಹೈಡ್ರೈಡ್‌ಗಳ ಪ್ರತ್ಯಾಮ್ಲ ಗುಣ ಕಡಿಮಿ ಆಗ್ತದ. ಅಮೋನಿಯಾ ಎಲ್ಲಾಕಿಂತ ಬಲವಾದ ಪ್ರತ್ಯಾಮ್ಲ. ಫಾಸ್ಫೀನ್..."

ನಿಂತಳು. "ಫಾಸ್ಫೀನ್ ಯಾಕ ಇಲ್ಲ ಅವ್ವಾ? ಕಾರಣ ಮರ್ತೆ."

ಇಂದುಮತಿಯ ಕೈ ಹಿಟ್ಟಿನ ಮೇಲೆಯೇ ನಿಂತಿತು. "ನೈಟ್ರೋಜನ್ ಸಣ್ಣದು," ಎಂದಳು. "ಅದರ ಹತ್ರ ಯಾರ ಜೊತೀಗೂ ಕೂಡದ ಒಂದು ಜೋಡಿ ಇಲೆಕ್ಟ್ರಾನ್ ಇರ್ತಾವು. ಸಣ್ಣ ಜಾಗದಾಗ ಒತ್ತಾಗಿ, ಒಂದ ದಿಕ್ಕಿಗೆ ಚಾಚ್ಕೊಂಡಿರ್ತಾವು. ಆಮ್ಲ ಹತ್ರ ಬಂದ್ರ ತಟ್ಟನ ಹಿಡೀತಾವು. ಫಾಸ್ಫರಸ್ ದೊಡ್ಡದು. ಅದೇ ಜೋಡಿ ಅಲ್ಲಿ ಹರಡಿಕೊಂಡು ಒಳಗ ಸೇರಿಬಿಡ್ತಾವು. ಹೊರಗ ಕೈ ಚಾಚೂದಿಲ್ಲ. ಆಮ್ಲ ಬಂದ್ರೂ ಹಿಡಿಯೂದಿಲ್ಲ."

"ಅಂದ್ರ ಒಂದ ಗುಂಪಿನವಾದ್ರೂ ಒಂದ ಥರ ಇರೂದಿಲ್ಲ."

"ಇರೂದಿಲ್ಲ."

"ಎರಡ್ ಮಾರ್ಕ್ಸಿನ ಪ್ರಶ್ನೆ ಇದು, ಪ್ರತಿ ವರ್ಷ ಬರ್ತದ," ಎಂದು ಸಂಪದಾ ಪುಸ್ತಕ ಮುಚ್ಚಿ ಜಡೆ ಹಾಕಿಕೊಳ್ಳಲು ಎದ್ದಳು. "ನೀ ಹೇಳಿದ್ರ ಎಷ್ಟ ಸಲೀಸಾಗಿ ತಿಳೀತದ ಅವ್ವಾ."

ಇಂದುಮತಿ ತಲೆ ಎತ್ತಲಿಲ್ಲ. ತಿಳಿಯದೆ ಮಾಡಿದ್ದಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಹೆಂಚಿನ ಮೇಲಿನ ರೊಟ್ಟಿ ಉಬ್ಬಿತು, ಹೊರಳಿಸಲು ಅವಳಿಗೆ ನೆನಪಾಗಲಿಲ್ಲ.

*

ಅಂದು ಸಂಜೆ ಅವಳು ಆಸ್ಪತ್ರೆಗೆ ಹೋದಳು. ಹೇಳಿಬಿಡಬೇಕೆಂದೇ ಹೋದಳು. ಮಂಚದ ಪಕ್ಕ ಫಕೀರವ್ವನ ಸೊಸೆ ರೇಣವ್ವ ಮೋಸಂಬಿ ಸುಲಿಯುತ್ತಿದ್ದಳು. ಇಂದುಮತಿಯನ್ನು ಕಂಡದ್ದೇ ಫಕೀರವ್ವ ಏಳಲು ಹೋದಳು.

"ಮಲಕ್ಕೊ ಫಕೀರವ್ವ, ಏಳಬ್ಯಾಡ."

"ಅಕ್ಕಾರ, ನಿಮ್ಮ ಹೆಸರ ಕೆಡಿಸಿದ್ನಿ ನೋಡ್ರಿ ನಾನು." ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು. "ಮುಂಜಾನೆ ಮಾರಿ ತೊಳಕೋವಾಗ ಬೊಟ್ಟಿಗೆ ಸೋಪಿನ ನೀರು ಹೊಕ್ಕಿರಬೇಕು. ಒರಸ್ಕೋರಿ ಅಂತ ನೀವು ಹೇಳಿದ್ರಿ. ನಾ ಗಡಿಬಿಡ್ಯಾಗ ಒರಸಲಿಲ್ಲ."

"ನಾ ದಿನಾ ಹೇಳ್ತಿದ್ನ್ರೀ ಅಕ್ಕಾರ, ನೆಟ್ಟಗ ಹಾಕ್ಕೋ ಅಂತ," ಎಂದಳು ಸೊಸೆ. "ಕೇಳಾಂಗಿಲ್ಲ ಇವ್ರು."

ಹೂಂ ಎಂಬಂತೆ ಫಕೀರವ್ವ ತಲೆಯಾಡಿಸಿದಳು.

ಇಂದುಮತಿಯ ಬಾಯಿಗೆ ಮಾತು ಬಂದಿತ್ತು. ಸೋಪಿನ ನೀರಿನಿಂದಲ್ಲ ಎಂಬ ಒಂದೇ ವಾಕ್ಯ ಸಾಕಿತ್ತು. ನರ್ಸ್ ಬಂದಳು, ಬಿಪಿ ನೋಡಿದಳು, ಹೋದಳು. "ಆರಾಮ ಮಾಡು. ಆಮೇಲೆ ಮಾತಾಡೋಣು," ಎಂದು ಹೇಳಿ ಇಂದುಮತಿ ಎದ್ದಳು. ಮೆಟ್ಟಿಲಿಳಿಯುವಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಆದರೂ ಅವಳು ಹಿಂದಿರುಗಲಿಲ್ಲ.

ಗಲಗಲಿಯವರ ವರದಿಗೆ ಮಾತ್ರ ಸಹಿ ಹಾಕಲಿಲ್ಲ. ನಾಳೆ, ನಾಡಿದ್ದು ಎನ್ನುತ್ತ ದಿನ ದೂಡಿದಳು. ಇಪ್ಪತ್ತೊಂದನೆಯ ದಿನ ಪೇಟೆಯ ಹರಾಜು ಕಟ್ಟೆಯ ಮೇಲೆ ಸುರಕ್ಷತಾ ಮಂಡಳಿಯ ವಿಚಾರಣೆ ನಡೆಯಿತು. ಮೂವರು ಸದಸ್ಯರು ಮೇಜಿನ ಹಿಂದೆ, ಎದುರಿಗೆ ನೆಲದ ಮೇಲೆ ಇನ್ನೂರು ಮುನ್ನೂರು ಹೆಂಗಸರು. ಎಲ್ಲರ ಮೂಗಿನಲ್ಲೂ ಬಿಳಿ ಹರಳು.

ಮೊದಲು ಮಕ್ತುಂಸಾಬರನ್ನು ಕರೆದರು. ಅವರು ಕಿಸೆಯಿಂದ ಕರವಸ್ತ್ರ ತೆಗೆದು ಬಿಚ್ಚಿ, ಅದರೊಳಗಿನ ಬೊಟ್ಟನ್ನು ಮೇಜಿನ ಮೇಲಿಟ್ಟರು. "ಆಕಿ ಮೂಗಿನಾಗ ಇತ್ರೀ ಇದು. ಬಿಚ್ಚಿದಾವ ನಾನ."

"ಹಾಗಾದರೆ ಸಾಧನ ಕೆಟ್ಟಿತ್ತೇ?" ಎಂದು ಅಧ್ಯಕ್ಷರು ಇಂದುಮತಿಯನ್ನು ಕೇಳಿದರು.

ಗಲಗಲಿಯವರು ಅವಳ ಕಡೆ ನೋಡಿದರು. ಹಾಳಾದ ಒಂದು ಬೊಟ್ಟು, ಅಷ್ಟೇ ಎಂದರೆ ಎಲ್ಲ ಮುಗಿಯುತ್ತಿತ್ತು. ಇಂದುಮತಿ ಎದ್ದು ನಿಂತಳು.

"ಕೆಟ್ಟಿರಲಿಲ್ಲ," ಎಂದಳು. "ಇಲ್ಲಿರೋ ಯಾವ ಬೊಟ್ಟಿಗೂ ಫಾಸ್ಫೀನ್ ತಿಳಿಯೂದಿಲ್ಲ. ಮೊದಲಿಂದನೂ ತಿಳೀತಿರಲಿಲ್ಲ. ನಾನು ಪರೀಕ್ಷೆ ಮಾಡದ ಸಹಿ ಮಾಡೀನಿ. ಗುಳಿಗ್ಯಾಗ ಅಮೋನಿಯಾ ಅದ ಅಂತ ಕಾಕಾ ಅವತ್ತ ಹೇಳಿದ್ರು. ಹೇಳೂದಕ್ಕ ಮೊದಲ ನನಗ ಗೊತ್ತಿತ್ತು."

ಮುಂದಿನ ಸಾಲಿನ ಹೆಂಗಸೊಬ್ಬಳು ಮೆಲ್ಲಗೆ ಕೈ ಎತ್ತಿ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡಳು. ಅವಳನ್ನು ನೋಡಿ ಪಕ್ಕದವಳು ಮುಟ್ಟಿಕೊಂಡಳು.

ಮಂಡಳಿ ಅಂದೇ ಎಲ್ಲ ಬೊಟ್ಟುಗಳನ್ನೂ ಹಿಂದಕ್ಕೆ ಪಡೆಯಲು ಆದೇಶಿಸಿತು. ಇಂದುಮತಿಯನ್ನು ಕೆಲಸದಿಂದ ಅಮಾನತು ಮಾಡಿದರು. ಫಾಸ್ಫೀನಿಗೆ ಬೇರೆ ಪೊರೆ ಮಾಡುವ ಹೊಣೆ ಬೇರೆ ಸಂಶೋಧನಾಲಯಕ್ಕೆ ಹೋಯಿತು. ಬೊಟ್ಟು ಒಪ್ಪಿಸುವ ಸಾಲಿನಲ್ಲಿ ಗಲಾಟೆಯಾಯಿತು. "ಆ ಗ್ಯಾಸ್ ತಿಳೀದಿದ್ರ ಬಿಡ್ರಿ, ಕಾಗದ ಹಿಡದು ನೋಡ್ಕೋತೀವಿ. ಮೊಮ್ಮಗನ ತಲಿ ವಾಸನಿ ಯಾಕ ಕಸಗೊಳ್ತೀರಿ?" ಎಂದು ಒಬ್ಬ ಮುದುಕಿ ಅಧಿಕಾರಿಯ ಮುಂದೆ ನಿಂತುಬಿಟ್ಟಳು. ಅಧಿಕಾರಿ ಡಬ್ಬಿಯನ್ನು ಅವಳ ಮುಂದೆ ಚಾಚಿದ. ಇಂದುಮತಿ ದೂರದಲ್ಲಿ ನಿಂತಿದ್ದಳು. ಡಬ್ಬಿಯೊಳಗೆ ಬೊಟ್ಟುಗಳು ಒಂದೊಂದಾಗಿ ಬೀಳುವುದನ್ನು ಕೊನೆಯದರ ತನಕ ನೋಡಿದಳು.

*

ಮರುದಿನ ಮಧ್ಯಾಹ್ನ ಅವಳು ಫಕೀರವ್ವನ ಮನೆಗೆ ಹೋದಳು. ಫಕೀರವ್ವ ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿತ್ತು. ಸೊಸೆ ಪೇಟೆಗೆ ಹೋಗಿದ್ದಳು. ಎರಡು ಕೋಣೆಯ ಮನೆ. ಫಕೀರವ್ವ ಗೋಡೆ ಹಿಡಿದುಕೊಂಡು ಬಂದು ಬಾಗಿಲು ತೆಗೆದಳು. ಚಾಪೆ ಹಾಸಿದಳು. ಒಲೆಯ ಮೇಲೆ ಹಾಲಿಟ್ಟು ಬಂದು ಎದುರಿಗೆ ಕೂತು, ಸ್ವಲ್ಪ ಹೊತ್ತು ಉಸಿರು ಹತೋಟಿಗೆ ತಂದುಕೊಂಡಳು.

ಇಂದುಮತಿ ಶುರು ಮಾಡಿದಳು. "ಫಕೀರವ್ವ, ನಾ ಸಹಿ ಮಾಡಬಾರದಿತ್ತು..."

"ಅದನ್ನೆಲ್ಲ ಮಕ್ತುಂಸಾಬರು ಬಂದು ಹೇಳ್ಯಾರ್ರಿ." ಫಕೀರವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಅದನ್ನ ಕೇಳಾಕತ್ತಿಲ್ಲ. ದವಾಖಾನಿಗೆ ಬಂದಿದ್ರಲ್ಲ, ಅವತ್ತ ನಿಮಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು."

"ಸೋಪಿನ ನೀರಂತ ನಾ ಅಂದಾಗ?"

"ಗೊತ್ತಿತ್ತು."

ಫಕೀರವ್ವ ಚಾಪೆಯಿಂದ ಎದ್ದಿದ್ದ ಕಡ್ಡಿಯೊಂದನ್ನು ಒತ್ತಿ ಕೂರಿಸಿದಳು. "ಮೂರ್ ವಾರ ನನ್ನ ನಾನ ಬೈಕೊಂಡೀನ್ರಿ. ಮಲಗಿದ್ರ ಅದ, ಎದ್ರ ಅದ. ಎಷ್ಟ ಮಂದಿನ್ನ ನನ್ನ ಹಿಂದ ಕರದಿದ್ನಿ, ಅವ್ರೂ ಒಳಗ ಬಂದಿದ್ರ ಅಂತ. ಸೊಸಿ ಬೈದ್ಲು, ಮಗಾ ಬೈದಾ. ಎಲ್ಲಾದಕ್ಕೂ ಹೂಂ ಅಂದೆ. ಸಭಾದಾಗ ನೂರಾರು ಮಂದಿಗೆ ಹೇಳಿದ್ರಿ. ನನಗೊಬ್ಬಾಕಿಗೆ ಮೊದಲ ಹೇಳಬೇಕಿತ್ತಿಲ್ರಿ?"

ಇಂದುಮತಿ ಏನೇನೋ ಸಿದ್ಧಮಾಡಿಕೊಂಡು ಬಂದಿದ್ದಳು. ಅದರಲ್ಲಿ ಒಂದು ಮಾತೂ ಇಲ್ಲಿಗೆ ಸಲ್ಲುತ್ತಿರಲಿಲ್ಲ. ಕಟ್ಟೆಯ ಮೇಲೆ ಎದ್ದು ನಿಂತಾಗ ಒಳಗೆಲ್ಲೋ ಸ್ವಲ್ಪ ಹಗುರಾಗಿತ್ತು. ಆ ಹಗುರಕ್ಕೇ ಈಗ ನಾಚಿಕೆಯಾಯಿತು. "ಬೇಕಿತ್ತು," ಎಂದಳು.

ಫಕೀರವ್ವ ಎದ್ದು ಒಳಗೆ ಹೋಗಿ ಚಹಾ ಸೋಸಿ ತಂದಳು. ಲೋಟ ಬಾಯಿಗೆ ತಂದಾಗ ಇಂದುಮತಿಗೆ ಸೀದ ವಾಸನೆ ಬಡಿಯಿತು. ಮಾತಾಡುತ್ತ ಕೂತಿದ್ದಾಗ ಹಾಲಿನ ತಳ ಹತ್ತಿತ್ತು. ಈಗ ಗಮನಿಸಿದರೆ ಮನೆಯ ತುಂಬ ಆ ವಾಸನೆ ಇತ್ತು. ಫಕೀರವ್ವನಿಗೆ ಗೊತ್ತಾಗಿರಲಿಲ್ಲ. ಅವಳು ತನ್ನ ಲೋಟದ ಚಹಾವನ್ನು ಊದಿ ಆರಿಸುತ್ತಿದ್ದಳು.

ಸುಮ್ಮನೆ ಕುಡಿದುಬಿಡೋಣ ಎಂದುಕೊಂಡಳು ಇಂದುಮತಿ. ಒಂದು ಗುಟುಕು ಕುಡಿದೂ ಬಿಟ್ಟಳು. ಆಮೇಲೆ ಲೋಟ ಕೆಳಗಿಟ್ಟಳು.

"ಫಕೀರವ್ವ, ಹಾಲು ತಳಾ ಹತ್ತೇತಿ."

ಫಕೀರವ್ವ ಲೋಟವನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದಳು. ಮತ್ತೊಮ್ಮೆ ಎಳೆದಳು. "ಭಾಳ ಹತ್ತೇತೇನ್ರಿ?"

"ಭಾಳ."

ಅವಳು ಎರಡೂ ಲೋಟದ ಚಹಾವನ್ನು ಮೋರಿಗೆ ಸುರಿದಳು. ಇಂದುಮತಿ ಸಹಾಯಕ್ಕೆಂದು ಎದ್ದಾಗ ಕೈ ಅಡ್ಡ ಮಾಡಿ ತಡೆದಳು. ಇನ್ನೊಂದು ಪಾತ್ರೆ ತೊಳೆದಳು. ಉಳಿದ ಹಾಲು ಹಾಕಿ ಒಲೆಯ ಮೇಲಿಟ್ಟಳು. ಒಲೆಯ ಪಕ್ಕದ ಗೋಡೆಗೆ ಒರಗಿ, ಎದೆಯ ಮೇಲೆ ಕೈ ಇಟ್ಟುಕೊಂಡು, ಇಂದುಮತಿಯ ಮುಖ ನೋಡದೆ ಹೇಳಿದಳು:

"ಇಲ್ಲೇ ನಿಂದರ್ರಿ. ಹತ್ತಿದ ವಾಸನಿ ಬಂದ ಕೂಡ್ಲೆ ಹೇಳ್ರಿ. ತಡಾ ಮಾಡಬ್ಯಾಡ್ರಿ."